ಪಂಚವಟಿಯ ಜಿಂಕೆ, ಅಜಂತೆಯ ಜಿಂಕೆ: ಚಿತ್ರಕಾರ ಕೆ. ವೆಂಕಟಪ್ಪನವರು

ನಾಸಿಕಕ್ಕೆ ಬರುವ ಯಾತ್ರಿಕರು ಗೋದಾವರಿಯಲ್ಲಿ ಮಿಂದು, ಕಾಳಾರಾಮನ ದರ್ಶನ ಮಾಡಿ, ಸೀತಾಗುಂಫೆಯೊಳಕ್ಕೆ ಮೈ ಕುಗ್ಗಿಸಿ ಹೊಕ್ಕು ಹೊರಬಂದ ಮೇಲೆ ಅವರಿಗೆ ನೆನಪಾಗುವುದು ಹೊಟ್ಟೆ. ಪತ್ರಿಕೆಯ ಮೇಜಿಗೆ ಬರುವ ಮುನ್ನ ಬಹಳ ವರುಷ ನಾನು ಕುಳಿತಿದ್ದದ್ದು ಪಂಚವಟಿಗೆ ಸಮೀಪದ ಒಂದು ಹೊಟೇಲಿನ ಗಲ್ಲಾದಲ್ಲಿ. ಎಸ್.ಎಸ್.ಎಲ್.ಸಿ. ಮುಗಿಸಿ ಘಟ್ಟ ಹತ್ತಿ ಬಂದವನಿಗೆ ವಿದ್ಯೆಯೆಂಬುದು ದೊರೆತದ್ದೂ ಹೆಚ್ಚಾಗಿ ಅಲ್ಲಿಯೇ. ಗಿರಾಕಿಗಳು ಚಹಾ ಆರುವ ತನಕ ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳಿದವನು ಅರ್ಧ ವಾಚನಾಲಯವನ್ನು ಓದಿದಂತೆ.

ಹೊಟೇಲನ್ನು ವಿಸ್ತರಿಸಿದಾಗ ಒಳಕೋಣೆಯ ಗೋಡೆಯ ಮೇಲೆ ಏನಾದರೂ ಚಿತ್ರವಿರಲಿ ಎಂದು ನನಗೆ ತೋರಿತು. ಕ್ಷೇತ್ರ ಪಂಚವಟಿ, ಅಂದ ಮೇಲೆ ಬಂಗಾರದ ಜಿಂಕೆಗಿಂತ ಸಲ್ಲುವ ವಿಷಯ ಬೇರೆ ಯಾವುದು? ಬೋರ್ಡು ಬರೆಯುತ್ತಿದ್ದ ವಿಜಾಪುರದ ಕಡೆಯ ಒಬ್ಬ ತರುಣನಿಗೆ ಒಪ್ಪಿಸಿದೆನು. ಎಂಟು ದಿನದಲ್ಲಿ ಮುಗಿಸಬೇಕೆಂದು ಮಾತಾಗಿತ್ತು. ಆತನು ತೆಗೆದುಕೊಂಡದ್ದು ಇಪ್ಪತ್ತೆರಡು ದಿನ. ಜಿಂಕೆಯ ಕಣ್ಣೊಂದಕ್ಕೇ ಎರಡು ದಿನ ಹೋಯಿತು. ಅಷ್ಟು ದಿನ ಒಳಕೋಣೆಯ ವ್ಯಾಪಾರ ನಿಂತುಹೋದುದರಿಂದ ನಾನು ಸಿಟ್ಟಾಗಿ, ಮಾತಾಡಿದ್ದರಲ್ಲಿ ಅರ್ಧ ಹಣವನ್ನು ಮಾತ್ರ ಎಣಿಸಿ ಕೊಟ್ಟೆನು. ಆತನು ಜಗಳವಾಡಲಿಲ್ಲ. ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದನು. ಈ ಸಂಗತಿಗೆ ಮುಂದೆ ಬರುತ್ತೇನೆ.

ಕೆಲವು ತಿಂಗಳ ಬಳಿಕ ಮೈಸೂರಿನಿಂದ ಯಾತ್ರೆಗೆ ಬಂದಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಆ ಗೋಡೆಯ ಎದುರಿನ ಮೇಜಿನಲ್ಲಿ ಕುಳಿತರು. ದೋಸೆಯನ್ನು ಮುಟ್ಟದೆ ಚಿತ್ರವನ್ನೇ ನೋಡುತ್ತಿದ್ದರು. ದೋಸೆ ಆರಿಹೋಗುತ್ತದೆಂದು ನಾನೇ ಎದ್ದು ಹೋಗಿ ಹೇಳಿದೆ.

"ಆರಲಿ ಬಿಡಿ ಸ್ವಾಮಿ. ಈ ಜಿಂಕೆ ಬರೆದವನು ವೆಂಕಟಪ್ಪನವರ ಮಾರೀಚನನ್ನು ನೋಡಿದ್ದಾನೆಯೇ?" ಎಂದರು.

"ಯಾವ ವೆಂಕಟಪ್ಪನವರು ಮೇಷ್ಟ್ರೇ?" ಎಂದೆ.

ಅವರು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. "ಪಂಚವಟಿಯಲ್ಲಿ ಕೂತಿದ್ದೀರಿ, ಅಜಂತಾ ಪಕ್ಕದ ಜಿಲ್ಲೆಯಲ್ಲಿದೆ, ಕನ್ನಡಿಗರು ಬೇರೆ. ನೀವೇ ಹೀಗೆ ಕೇಳಿದರೆ ಹೇಗೆ ಸ್ವಾಮಿ?"

ಆಕ್ಷೇಪಣೆ ನ್ಯಾಯವಾದದ್ದೇ ಆಗಿತ್ತು. ಮಹಾರಾಷ್ಟ್ರಕ್ಕೆ ಬಂದು ನೆಲಸಿದ ನಾವು ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಹೆಸರಾದ ಕೆ. ಕೆ. ಹೆಬ್ಬಾರರನ್ನು ಬಲ್ಲೆವು. ಗುಲಬರ್ಗೆಯ ಎಸ್. ಎಂ. ಪಂಡಿತರನ್ನಂತೂ ಹೆಸರು ತಿಳಿಯದವರು ಕೂಡ ಬಲ್ಲರು, ಏಕೆಂದರೆ ಅವರು ಬರೆದ ದೇವರುಗಳು ಕ್ಯಾಲೆಂಡರಾಗಿ ಎಷ್ಟೋ ಗಲ್ಲಾಗಳ ಹಿಂದೆ ತೂಗಾಡಿದ್ದುಂಟು. ಆದರೆ ಇವರಿಬ್ಬರಿಗೂ ಮುಂಚೆ, ರೈಲಿಳಿದು ಎತ್ತಿನ ಗಾಡಿಯ ಹಾದಿಯಲ್ಲಿ ಅಜಂತೆಗೆ ಹೋಗಿ, ಗುಹೆಗಳ ಕತ್ತಲಲ್ಲಿ ಕುಳಿತು ಚಿತ್ರ ತೆಗೆದ ಕನ್ನಡಿಗನೊಬ್ಬನಿದ್ದನೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ದಿನ ಮೇಷ್ಟ್ರು ಹೇಳಿದುದನ್ನೂ ಆಮೇಲೆ ನಾನಾಗಿ ಓದಿ ನೋಡಿ ತಿಳಿದುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನ ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನದಲ್ಲಿ. ತಂದೆ ಕೃಷ್ಣಪ್ಪನವರೂ ಅದೇ ಕಸುಬಿನವರು. ಮೈಸೂರು ಸಂಪ್ರದಾಯದ ಚಿತ್ರವೆಂದರೆ ಏನೆಂಬುದನ್ನು ಹಳೆಯ ಮನೆಗಳ ದೇವರ ಕೋಣೆಯಲ್ಲಿ ನೋಡಿದವರಿಗೆ ವಿವರಿಸಬೇಕಾಗಿಲ್ಲ: ಮಕ್ಕಿ-ಸಫೇದದ ಉಬ್ಬುಗೆಲಸ, ಅದರ ಮೇಲೆ ಅಂಟಿಸಿದ ಚಿನ್ನದ ರೇಕು, ಕೂದಲೆಳೆಯಂಥ ಗೆರೆ. ಇಂಥ ಮನೆಯಲ್ಲಿ ಹುಡುಗನು ಅಕ್ಷರ ತಿದ್ದುವುದಕ್ಕೆ ಮೊದಲೇ ಬಣ್ಣ ಅರೆಯುವುದನ್ನು ಕಲಿಯುತ್ತಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಈ ಹುಡುಗನಿಗೆ ದೊರೆಯಿತು. ಮೈಸೂರಿನಲ್ಲಿಯೂ ಮದ್ರಾಸಿನ ಕಲಾಶಾಲೆಯಲ್ಲಿಯೂ ಅಭ್ಯಾಸವಾದ ಮೇಲೆ, 1909ರಲ್ಲಿ ಸಂಸ್ಥಾನದ ವಿದ್ಯಾರ್ಥಿವೇತನವನ್ನು ಪಡೆದು ಅವರು ಕಲಕತ್ತೆಯ ಸರಕಾರಿ ಕಲಾಶಾಲೆಗೆ ತೆರಳಿದರು.

ಆಗಿನ ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ಪರ್ಸಿ ಬ್ರೌನ್ ಎಂಬವರು ಶಾಲೆಯ ಮುಖ್ಯಸ್ಥರು. ವಿಲಾಯತಿಯ ತೈಲವರ್ಣವನ್ನು ಬಿಟ್ಟು, ಮೊಗಲ ಮತ್ತು ರಜಪೂತ ಚಿತ್ರಗಳನ್ನೂ ಜಪಾನೀ ಕಲಾವಿದರ ರೀತಿಯನ್ನೂ ನೋಡಿಕೊಂಡು ಅವನೀಂದ್ರರು ಒಂದು ಹೊಸ ಪದ್ಧತಿಯನ್ನು ರೂಢಿಗೆ ತಂದಿದ್ದರು. ಕಾಗದದ ಮೇಲೆ ನೀರುಬಣ್ಣ ಹಚ್ಚುವುದು, ಒಣಗಿದ ಮೇಲೆ ಇಡೀ ಕಾಗದವನ್ನು ನೀರಿನಲ್ಲಿ ಅದ್ದುವುದು, ಮತ್ತೆ ಹಚ್ಚುವುದು, ಮತ್ತೆ ಅದ್ದುವುದು. ಹೀಗೆ ಮಾಡಿದಷ್ಟೂ ಬಣ್ಣವು ಮಂಜಿನಂತೆ ಮೆಲ್ಲನೆ ಕಾಗದದೊಳಕ್ಕೆ ಇಳಿಯುವುದು. ಅವಸರದವರಿಗೆ ಇದು ಒಗ್ಗುವ ಕೆಲಸವಲ್ಲ. ಬಂಗಾಳದ ಹುಡುಗರ ನಡುವೆ ಬಂಗಾಳಿ ಬಾರದ ಈ ಮೈಸೂರಿನವನು ತನ್ನ ಮನೆತನದ ಸೂಕ್ಷ್ಮ ಗೆರೆಯನ್ನು ಈ ಮಂಜಿನೊಳಕ್ಕೆ ತಂದನು. ನಂದಲಾಲ ಬಸು, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಇವರೆಲ್ಲ ಆತನ ಜೊತೆಯವರು.

ಆ ಕಾಲದಲ್ಲಿ ಸೋದರಿ ನಿವೇದಿತಾ ಅವರು ನಮ್ಮ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. 1911ರಲ್ಲಿ ಅವರು ತೀರಿಕೊಂಡ ಬಳಿಕ ಆನಂದ ಕುಮಾರಸ್ವಾಮಿಯವರು ಅದನ್ನು ಪೂರ್ಣಗೊಳಿಸಿ, 1913ರಲ್ಲಿ 'ಮಿಥ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್' ಎಂಬ ಗ್ರಂಥವಾಗಿ ಹೊರತಂದರು. ಅದರಲ್ಲಿ ಅವನೀಂದ್ರರ ಮೇಲ್ವಿಚಾರಣೆಯಲ್ಲಿ ರಚಿತವಾದ 32 ವರ್ಣಚಿತ್ರಗಳಿವೆ. ರಾಮಾಯಣದ ಭಾಗಕ್ಕೆ ಹಲವು ಚಿತ್ರಗಳು ವೆಂಕಟಪ್ಪನವರವು. ಮಾರೀಚನ ವಧೆ ಅವುಗಳಲ್ಲೊಂದು. ರಾವಣನೊಡನೆ ಜಟಾಯುವಿನ ಯುದ್ಧ ಇನ್ನೊಂದು. ಮೇಷ್ಟ್ರು ಕೇಳಿದ್ದ ಮಾರೀಚ ಇವನೇ.

ಈಗ ನಾಸಿಕದ ವಾಚಕರು ಕ್ಷಣಕಾಲ ನಿಂತು ಆಲೋಚಿಸಬೇಕು. ಜಿಂಕೆಯ ಪ್ರಸಂಗವು ನಡೆಯಿತೆಂದು ಜನ ನಂಬಿ ಬರುವ ಸ್ಥಳ ನಮ್ಮ ಪಂಚವಟಿ. ಜಟಾಯುವು ರೆಕ್ಕೆ ಮುರಿದು ಬಿದ್ದನೆಂದು ಹೇಳುವುದು ಇದೇ ಜಿಲ್ಲೆಯ ಇಗತಪುರಿ ತಾಲೂಕಿನ ಸರ್ವತೀರ್ಥ ಟಾಕೇದದಲ್ಲಿ. ನಾವು ದಿನವೂ ತುಳಿಯುವ ಈ ನೆಲದ ಕಥೆಗೆ, ಇಪ್ಪತ್ತೈದು ತುಂಬಿ ಒಂದೆರಡು ವರುಷವೂ ಕಳೆಯದಿದ್ದ ಕನ್ನಡಿಗನೊಬ್ಬನು ಕಲಕತ್ತೆಯಲ್ಲಿ ಕುಳಿತು ರೂಪು ಕೊಟ್ಟನು. ಅದು ಅಚ್ಚಾಗಿ ಸಮುದ್ರದಾಚೆಯ ಓದುಗರಿಗೆ ತಲಪಿತು.

ಕಥೆಯಲ್ಲಿನ ಪ್ರಾಣಿಗಳನ್ನು ಬರೆಯುವುದು ಸುಲಭದ ಮಾತಲ್ಲ. ಕಾಡಿನ ಜಿಂಕೆಯನ್ನು ಕಂಡಂತೆ ಬರೆದರೆ ಅದು ಪ್ರಾಣಿಶಾಸ್ತ್ರದ ಪುಸ್ತಕದ ಪಟವಾಗುತ್ತದೆ. ಬರಿಯ ಕಲ್ಪನೆಯಿಂದ ಬರೆದರೆ ಜಾತ್ರೆಯ ಬೊಂಬೆಯಾಗುತ್ತದೆ. ಮಾರೀಚನಂತೂ ಜಿಂಕೆಯೂ ಹೌದು, ರಕ್ಕಸನೂ ಹೌದು. ಸೀತೆಯು ನಂಬುವಷ್ಟು ಆತನು ಜಿಂಕೆಯಾಗಿರಬೇಕು. ಬಾಣ ತಗಲಿದ ಗಳಿಗೆಯಲ್ಲಿ ಆ ನಂಬಿಕೆ ಒಡೆಯಬೇಕು. ಜಟಾಯುವೂ ಹಾಗೆಯೇ. ಹೆಣ ತಿನ್ನುವ ಹಕ್ಕಿಯೆಂದು ನಾವು ಮುಖ ತಿರುಗಿಸುವ ರಣಹದ್ದಿನಲ್ಲಿ ದಶರಥನ ಗೆಳೆಯನನ್ನು ತೋರಿಸಬೇಕು. ಚಿತ್ರಕಲೆಯಲ್ಲಿ ಅದ್ಭುತವೂ ವನ್ಯಜೀವವೂ ಕೂಡುವ ಸ್ಥಳ ಇದೇ. ಮೈಸೂರಿನ ಚಿನ್ನದ ರೇಕಿನಿಂದ ಮಾತ್ರ ಇದು ಸಾಧ್ಯವಾಗದು, ಕಲಕತ್ತೆಯ ನೀರಿನಿಂದ ಮಾತ್ರವೂ ಆಗದು. ಮೂರನೆಯದೊಂದು ಪಾಠಶಾಲೆ ಬೇಕಾಗಿತ್ತು. ಅದು ನಿಜಾಮರ ರಾಜ್ಯದಲ್ಲಿ, ವಾಘೋರಾ ನದಿಯ ತಿರುವಿನಲ್ಲಿ, ಬಂಡೆಯೊಳಗೆ ಕಾದುಕೊಂಡಿತ್ತು.

ಅಜಂತೆಯ ಚಿತ್ರಗಳನ್ನು ನಕಲು ತೆಗೆದವರ ಕಥೆಯೇ ಒಂದು ಪುರಾಣ. 1819ರಲ್ಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ದಂಡಿನ ಅಧಿಕಾರಿಯ ಕಣ್ಣಿಗೆ ಗುಹೆಗಳು ಬಿದ್ದವು. ಆತನು ಹತ್ತನೆಯ ಗುಹೆಯ ಚಿತ್ರದ ಮೇಲೆಯೇ ತನ್ನ ಹೆಸರನ್ನು ಗೀರಿಹೋದನು. 1844ರಲ್ಲಿ ಮದ್ರಾಸ್ ಸೈನ್ಯದ ರಾಬರ್ಟ್ ಗಿಲ್ ಎಂಬವರನ್ನು ನಕಲು ತೆಗೆಯಲೆಂದು ಕಳುಹಿಸಿದರು. ಅವರು ಸುಮಾರು ಇಪ್ಪತ್ತು ವರುಷ ಅಲ್ಲಿಯೇ ನೆಲಸಿ ಬರೆದು ವಿಲಾಯತಿಗೆ ಕಳುಹಿಸಿದ ದೊಡ್ಡ ದೊಡ್ಡ ಪಟಗಳಲ್ಲಿ ಬಹುಪಾಲು, 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಆಮೇಲೆ ಮುಂಬಯಿ ಕಲಾಶಾಲೆಯ ಜಾನ್ ಗ್ರಿಫಿತ್ಸರು ತಮ್ಮ ಶಿಷ್ಯರನ್ನು ಕರೆದೊಯ್ದು 1872ರಿಂದ 1885ರ ತನಕ ಪುನಃ ಬರೆಯಿಸಿದರು. ಅವೂ ಲಂಡನ್ನಿಗೆ ಹೋದವು. 1885ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಬೆಂಕಿ ಹೊತ್ತಿಕೊಂಡು ಅವುಗಳಲ್ಲಿಯೂ ಅನೇಕ ಬೂದಿಯಾದವು. ಸಾವಿರದ ಐನೂರು ವರುಷ ಬಂಡೆಯೊಳಗೆ ಬದುಕಿದ ಚಿತ್ರಗಳ ನಕಲುಗಳು ಲಂಡನ್ನಿನಲ್ಲಿ ಕೆಲವೇ ವರುಷ ಬದುಕಲಾರದೆ ಹೋದುದು ವಿಧಿಯ ವಿಚಿತ್ರವೆನ್ನಬೇಕಷ್ಟೆ.

ಮೂರನೆಯ ಸಲ ಕೈಹಾಕಿದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ. ಹಳೆಯ ಇಟಲಿಯ ಬಣ್ಣಗಾರಿಕೆಯ ಗ್ರಂಥವನ್ನು ಇಂಗ್ಲಿಷಿಗೆ ತಂದವರು, ಸ್ವತಃ ಕುಂಚ ಹಿಡಿದವರು. 1909ರಿಂದ 1911ರ ತನಕ ಎರಡು ಚಳಿಗಾಲ ಅವರು ಫರ್ದಾಪುರದಲ್ಲಿ ಬಿಡಾರ ಮಾಡಿಕೊಂಡು ಕೆಲಸ ನಡೆಸಿದರು. ಸಹಾಯಕ್ಕೆ ವಿಲಾಯತಿಯಿಂದ ಇಬ್ಬರು ತರುಣಿಯರು, ಹೈದರಾಬಾದಿನಿಂದ ಸಯ್ಯದ್ ಅಹ್ಮದ್ ಮತ್ತು ಮಹಮ್ಮದ್ ಫಜಲುದ್ದೀನ್, ಕಲಕತ್ತೆಯಿಂದ ನಂದಲಾಲ, ಅಸಿತಕುಮಾರ, ಸಮರೇಂದ್ರ, ಮತ್ತು ನಮ್ಮ ವೆಂಕಟಪ್ಪ. ನಿವೇದಿತಾ ಅವರು ಜಗದೀಶಚಂದ್ರ ಬೋಸರೊಡನೆ ಅಲ್ಲಿಗೆ ಬಂದು ಕೆಲಸವನ್ನು ಕಣ್ಣಾರೆ ನೋಡಿಹೋದದ್ದೂ ಉಂಟು.

ಆ ಕೆಲಸದ ಕಷ್ಟವನ್ನು ಊಹಿಸಿಕೊಳ್ಳಬೇಕಾದರೆ ಗುಹೆಯೊಳಗೆ ಒಂದು ತಾಸು ನಿಂತು ನೋಡಬೇಕು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಸುಕು. ಬಂಡೆಯ ಚಾಚಿಗೆ ಜೋತುಬಿದ್ದ ಹೆಜ್ಜೇನಿನ ಹುಟ್ಟುಗಳು. ಸೂರಿನಲ್ಲಿ ಬಾವಲಿಗಳು, ಅವುಗಳ ಹಿಕ್ಕೆ ಚಿತ್ರಗಳ ಮೇಲೆಯೇ. ಹಲವೆಡೆ ಗೋಡೆಯ ಗಾರೆಯೇ ಉದುರಿಹೋಗಿದೆ. ಒಂದು ಮುಖದ ಅರ್ಧವಿದ್ದರೆ ಉಳಿದರ್ಧವು ಬರಿಯ ಮಣ್ಣು. ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಇಲ್ಲದುದನ್ನು ಸ್ವಂತ ಬುದ್ಧಿಯಿಂದ ತುಂಬಬಾರದು. ಚಿತ್ರಗಾರನಾದವನಿಗೆ ಇದಕ್ಕಿಂತ ಕಠಿನವಾದ ತಪಸ್ಸು ಬೇರೆ ಇರಲಾರದು.

ಆ ಹಳೆಯ ಚಿತ್ರಕಾರರ ಸಾಮಗ್ರಿಯಾದರೂ ಎಂತಹುದು? ಜೇಡಿಮಣ್ಣಿಗೆ ಭತ್ತದ ಹೊಟ್ಟು ಮತ್ತು ನಾರು ಸೇರಿಸಿ ಬಂಡೆಗೆ ಮೆತ್ತಿದ್ದಾರೆ. ಅದರ ಮೇಲೆ ತೆಳುವಾದ ಸುಣ್ಣದ ಲೇಪ. ಕೆಂಪಿಗೆ ಕಾವಿಮಣ್ಣು, ಹಳದಿಗೆ ಹಳದಿ ಮಣ್ಣು, ಹಸಿರಿಗೆ ಹಸಿರು ಕಲ್ಲಿನ ಪುಡಿ, ಕಪ್ಪಿಗೆ ದೀಪದ ಮಸಿ. ನೀಲಿಯೊಂದು ಮಾತ್ರ ದೂರದಿಂದ ತರಿಸಿದ ಬೆಲೆಬಾಳುವ ಕಲ್ಲಿನಿಂದ. ನಮ್ಮ ಅಡಿಗೆಮನೆ ಅಂಗಳಗಳಲ್ಲಿ ಸಿಕ್ಕುವಂಥ ಈ ವಸ್ತುಗಳಿಂದ ಅವರು ಬರೆದಿರುವ ಪ್ರಾಣಿಪ್ರಪಂಚವನ್ನು ನೋಡಿ ನಾನು ಬೆರಗಾದೆನು.

ನಾಸಿಕದಿಂದ ಅಜಂತೆಗೆ ನಾನು ಹೋದದ್ದು ಮೇಷ್ಟ್ರ ಮಾತು ಮನಸ್ಸನ್ನು ಕೊರೆಯುತ್ತಿದ್ದುದರಿಂದಲೇ. ಯೇವಲೆಯ ದಾರಿ ಹಿಡಿದೆವು. ಆ ತಾಲೂಕಿನ ಮಮದಾಪುರದ ಸುತ್ತಿನ ಹುಲ್ಲುಗಾವಲು ಕೃಷ್ಣಮೃಗಗಳ ರಕ್ಷಿತ ಪ್ರದೇಶ. ಮರಾಠಿಯವರು ಕಾಳವೀಟ ಎನ್ನುತ್ತಾರೆ, ನಮ್ಮ ಬಯಲುಸೀಮೆಯವರು ಚಿಗರಿ ಎನ್ನುತ್ತಾರೆ. ಬೆಳಗಿನ ಓರೆಬಿಸಿಲಿನಲ್ಲಿ ಹೆಣ್ಣು ಚಿಗರಿಗಳ ಹಿಂಡೊಂದು ಒಣಹುಲ್ಲಿನ ನಡುವೆ ತಲೆಯೆತ್ತಿ ನಿಂತಿತ್ತು. ಮೈ ಅಪ್ಪಟ ಹೊನ್ನಿನ ಬಣ್ಣ. ಸೀತಾದೇವಿ ಆಸೆಪಟ್ಟುದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನನ್ನ ಹೆಂಡತಿ ಅಂದಳು. ಮುಂದೆ ವೈಜಾಪುರ ದಾಟಿ, 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರಾಗಿರುವ ಔರಂಗಾಬಾದಿನಲ್ಲಿ ರಾತ್ರಿ ತಂಗಿದೆವು. ಅಲ್ಲಿನ ಕನ್ನಡಿಗರಲ್ಲಿ ಬೀದರ, ಗುಲಬರ್ಗಾ, ರಾಯಚೂರು ಕಡೆಯ ಮನೆಗಳವರುಂಟು. ಅವರ ಅಜ್ಜಂದಿರ ಊರುಗಳೂ ಅಜಂತೆಯೂ ಒಂದು ಕಾಲದಲ್ಲಿ ಒಂದೇ ನಿಜಾಮ ಸಂಸ್ಥಾನದೊಳಗಿದ್ದುವು. ಹಾಗೆ ನೋಡಿದರೆ ಅಜಂತೆಯು ಅವರಿಗೆ ಪರದೇಶವಲ್ಲ.

ಮರುದಿನ ಗುಹೆಗಳನ್ನು ಹೊಕ್ಕೆವು. ಬೋಧಿಸತ್ವ ಪದ್ಮಪಾಣಿಯನ್ನು ಎಲ್ಲರೂ ನೋಡುತ್ತಾರೆ. ನಾನು ಪ್ರಾಣಿಗಳನ್ನು ಹುಡುಕಿದೆ. ಹತ್ತನೆಯ ಗುಹೆಯಲ್ಲಿ ಆರು ದಂತಗಳ ಆನೆಯ ಕಥೆ. ಹಿಂದಿನ ಜನ್ಮದ ಮತ್ಸರದಿಂದ ರಾಣಿಯು ಅದರ ದಂತವನ್ನು ಬಯಸುತ್ತಾಳೆ. ಬೇಡನಿಗೆ ದಂತ ಕೊಯ್ಯಲಾಗದಿದ್ದಾಗ ಆನೆ ತಾನೇ ಸಹಾಯ ಮಾಡುತ್ತದೆ. ದಂತ ಎದುರಿಗೆ ಬಂದಾಗ ರಾಣಿಗೆ ಎದೆ ಒಡೆಯುತ್ತದೆ. ಹದಿನೇಳನೆಯ ಗುಹೆಯಲ್ಲಿಯೂ ಅದೇ ಕಥೆಯುಂಟು. ಕುರುಡು ತಾಯಿಯನ್ನು ಸಾಕುತ್ತಿದ್ದ ಬಿಳಿಯಾನೆಯೊಂದು ಸೆರೆ ಸಿಕ್ಕಿ, ಅರಮನೆಯ ಮೇವನ್ನು ಮುಟ್ಟದೆ ಉಪವಾಸ ಬಿದ್ದುದೂ ಅಲ್ಲಿಯೇ ಇದೆ. ಒಂದನೆಯ ಗುಹೆಯಲ್ಲಿ ಕಾದಾಡುವ ಗೂಳಿಗಳಿವೆ. ಎರಡನೆಯದರಲ್ಲಿ ಹಂಸಗಳ ಸಾಲು, ಒಂದರಂತೆ ಇನ್ನೊಂದಿಲ್ಲ. ಬರೆದವರು ಆನೆಯ ಹಿಂಡನ್ನು, ಹಂಸದ ಕತ್ತನ್ನು ಕಾಡಿನಲ್ಲಿ ಕಂಡವರೇ ಸರಿ. ಆದರೆ ಆ ಪ್ರಾಣಿಗಳಿಗೆ ಮನುಷ್ಯನಿಗಿಂತ ಹೆಚ್ಚಿನ ಮನಸ್ಸಿದೆ.

ಹದಿನೇಳರಲ್ಲಿಯೇ ಇನ್ನೊಂದು ಬಂಗಾರದ ಜಿಂಕೆಯ ಕಥೆಯಿದೆ, ರುರು ಜಾತಕದ್ದು. ನೀರಿನಲ್ಲಿ ಮುಳುಗುತ್ತಿದ್ದ ಮನುಷ್ಯನನ್ನು ಈ ಜಿಂಕೆ ದಡಕ್ಕೆ ತರುತ್ತದೆ. ತನ್ನ ಇರುವನ್ನು ಯಾರಿಗೂ ಹೇಳಬೇಡವೆಂದು ಮಾತ್ರ ಕೇಳಿಕೊಳ್ಳುತ್ತದೆ. ಆತನು ರಾಜನ ಹೊನ್ನಿಗೆ ಆಸೆಪಟ್ಟು ಜಾಗವನ್ನು ತೋರಿಸಿಕೊಡುತ್ತಾನೆ. ಪಂಚವಟಿಯಲ್ಲಿ ಜಿಂಕೆ ಮೋಸ ಮಾಡಿತು, ಮನುಷ್ಯರು ಮೋಸಹೋದರು. ಇಲ್ಲಿ ಮೋಸ ಮಾಡಿದವನು ಮನುಷ್ಯ. ನಾಸಿಕದ ಜಿಂಕೆಯನ್ನು ಬರೆದ ವೆಂಕಟಪ್ಪನವರು ಅಜಂತೆಯ ಈ ಗೋಡೆಗಳ ಎದುರು ಕುಳಿತು ಕಲಿತವರು. ಪುಸ್ತಕದ ಮರುಮುದ್ರಣವನ್ನು ತರಿಸಿ ಅವರ ಮಾರೀಚನನ್ನು ನಾನು ನೋಡಿದಾಗ ರಕ್ಕಸನ ಮೇಲೆ ಸಿಟ್ಟಿಗಿಂತ ಮೊದಲು ಕನಿಕರ ಹುಟ್ಟಿತು. ಒಲ್ಲೆನೆಂದರೂ ಕೇಳದೆ ರಾವಣನು ಕಳುಹಿಸಿದ್ದಲ್ಲವೆ ಆತನನ್ನು? ಆ ಕನಿಕರ ಅಜಂತೆಯ ಋಣವೆಂದು ನನ್ನ ನಂಬಿಕೆ. ಪಂಡಿತರು ಒಪ್ಪಬೇಕೆಂದೇನೂ ಇಲ್ಲ.

ಹೆರಿಂಗ್‌ಹ್ಯಾಮ್ ಅವರ ನಕಲುಗಳು 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ ಗ್ರಂಥವಾಗಿ ಹೊರಬಂದವು. ಸಹಾಯಕರ ಹೆಸರುಗಳಲ್ಲಿ ವೆಂಕಟಪ್ಪನವರ ಹೆಸರೂ ಇದೆ. ಆದರೆ ಆ ವೇಳೆಗೆ ಆ ತಾಯಿ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಂಡು ಆಸ್ಪತ್ರೆಯೊಂದರಲ್ಲಿದ್ದರು. 1929ರಲ್ಲಿ ತೀರಿಕೊಂಡರು. ಅತ್ತ ಅಜಂತೆಯಲ್ಲಿ ನಿಜಾಮ ಸರಕಾರವು 1920ರ ನಂತರ ಇಟಲಿಯಿಂದ ಇಬ್ಬರು ನಿಪುಣರನ್ನು ಕರೆಸಿ ಉದುರುತ್ತಿದ್ದ ಗಾರೆಯನ್ನು ಭದ್ರಪಡಿಸಿತು. ಅವರು ಬಳಿದ ಅರಗಿನ ವಾರ್ನಿಷು ಕಾಲಕ್ರಮದಲ್ಲಿ ಹಳದಿಗಟ್ಟಿ, ಅದನ್ನು ತೆಗೆಯುವುದೇ ಪುರಾತತ್ವ ಇಲಾಖೆಗೆ ದೊಡ್ಡ ಕೆಲಸವಾಯಿತು. ಆದುದರಿಂದ ಆ ಇಟಲಿಯವರಿಗಿಂತ ಮುಂಚೆ ತೆಗೆದ ನಕಲುಗಳಿಗೆ ಹೆಚ್ಚಿನ ಬೆಲೆಯುಂಟು.

ವೆಂಕಟಪ್ಪನವರು 1916ರಲ್ಲಿ ಮೈಸೂರಿಗೆ ಮರಳಿದರು. ಬಳಿಕ ಬೆಂಗಳೂರಿನಲ್ಲಿ ನೆಲಸಿದರು. ಮದುವೆಯಾಗಲಿಲ್ಲ. ಕಲೆಗೆ ಸಂಸಾರವು ಅಡ್ಡಿಯೆಂಬುದು ಅವರ ಮತ. ಸಂಸಾರಿಯಾದ ನಾನು ಈ ವಿಷಯದಲ್ಲಿ ಏನನ್ನೂ ಹೇಳಲೊಲ್ಲೆ. ದಂತದ ಮೇಲೆ ಸೂಕ್ಷ್ಮ ಭಾವಚಿತ್ರಗಳನ್ನು ಬರೆದರು. ಉದಕಮಂಡಲಕ್ಕೂ ಕೊಡೈಕಾನಲಿಗೂ ಹೋಗಿ ಬೆಟ್ಟ, ಮಂಜು, ಮರಗಳ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ದೇವರಿಲ್ಲ, ರಕ್ಕಸರಿಲ್ಲ; ಒಂದು ಮರದ ಎಲೆಯನ್ನೂ ಬಿಡದ ಕಣ್ಣು ಮಾತ್ರ ಇದೆ. ನಡುವೆ ವೈಣಿಕ ಶೇಷಣ್ಣನವರಲ್ಲಿ ವೀಣೆ ಕಲಿಯುವ ಹುಚ್ಚು ಹಿಡಿಯಿತು. ಕುಂಚ ಬದಿಗೆ ಬಿದ್ದಿತು. ಆ ಹುಚ್ಚನ್ನೇ ವಿಷಯವಾಗಿಟ್ಟುಕೊಂಡು ಅವರು ಒಂದು ಚಿತ್ರವನ್ನೂ ಬರೆದರು. ದಿನಚರಿಯನ್ನು ಬಿಡದೆ ಇಡುತ್ತಿದ್ದರು. ಅವುಗಳು ಉಳಿದುಬಂದಿವೆ.

ಮುಂದೆ ನಾಲ್ವಡಿಯವರ ಅಪೇಕ್ಷೆಯ ಮೇರೆಗೆ ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳಿಗೆ ಕೈಯಿಟ್ಟರು. ಶಕುಂತಲೆಯು ಪತಿಗೃಹಕ್ಕೆ ಹೊರಡುವ ಪ್ರಸಂಗ ಅವರ ಉಬ್ಬುಶಿಲ್ಪಗಳಲ್ಲೊಂದು. ಕಾಳಿದಾಸನ ನಾಟಕದಲ್ಲಿ ಆಕೆಯ ಸೆರಗನ್ನು ಹಿಡಿದೆಳೆಯುವುದು ಸಾಕಿದ ಜಿಂಕೆಯ ಮರಿಯೆಂಬುದನ್ನು ಓದಿದವರು ಬಲ್ಲರು. ಕೆಲಸ ವರುಷಗಟ್ಟಲೆ ಹಿಡಿಯಿತು. ಅವಸರವೆಂಬುದು ಆ ಮನುಷ್ಯನಿಗೆ ಗೊತ್ತಿಲ್ಲ. 1940ರಲ್ಲಿ ಮಹಾರಾಜರು ಸ್ವರ್ಗಸ್ಥರಾದರು. ಬಳಿಕ ಈ ಕೆಲಸದ ವಿಷಯದಲ್ಲಿ, ಅದಕ್ಕೆ ಸಲ್ಲಬೇಕಾದ ಹಣದ ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟಿ ಅದು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಚಿತ್ರಕಾರನ ಒಂದು ದಿನದ ಬೆಲೆ ಎಷ್ಟು? ಮೊಳ ಹಾಕಿ ಅಳೆಯುವುದೋ, ಗಂಟೆ ಎಣಿಸುವುದೋ? ಕಲೆಗಾರನ ಮಾತಿಗೆ ಬೆಲೆ ಕಟ್ಟುವವರು ಯಾರು? ಇಂಥ ಪ್ರಶ್ನೆಗಳಿಗೆ ಕೋರ್ಟಿನ ಕಾಗದದಲ್ಲಿ ಉತ್ತರ ಹುಡುಕುವುದೆಂದರೆ ಇಬ್ಬರಿಗೂ ಕಷ್ಟವೇ. ಈ ವ್ಯಾಜ್ಯವು ವೆಂಕಟಪ್ಪನವರ ಮನಸ್ಸನ್ನು ಕಹಿ ಮಾಡಿತು. ಅಜಂತೆಯ ಕತ್ತಲಿಗೆ ಬೇಸರಿಸದಿದ್ದ ಕೈ ಕ್ರಮೇಣ ಬಣ್ಣದಿಂದ ದೂರ ಸರಿಯಿತು. 1962ರಲ್ಲಿ ಲಲಿತ ಕಲಾ ಅಕಾಡೆಮಿಯು ಫೆಲೊ ಗೌರವವನ್ನು ನೀಡಿತು. 1965ರಲ್ಲಿ ಅವರು ಕಾಲವಾದರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರಕಾರಿ ವಸ್ತುಸಂಗ್ರಹಾಲಯದ ಪಕ್ಕಕ್ಕೆ, 1970ರ ದಶಕದಲ್ಲಿ ಅವರ ಹೆಸರಿನ ಚಿತ್ರಶಾಲೆ ತೆರೆಯಿತು. ಬೆಂಗಳೂರಿಗೆ ಮದುವೆ ಮುಂಜಿಗೆಂದು ಹೋಗುವ ವಾಚಕರು ಅರ್ಧ ದಿನವನ್ನು ಅದಕ್ಕೆ ತೆಗೆದಿಡಬಹುದು. ನಾನು ಹೋದ ದಿನ ಅಲ್ಲಿ ನಾನೂ ಕಾವಲುಗಾರನೂ ಇಬ್ಬರೇ. ಚಿತ್ರಗಳು ನಾನೆಣಿಸಿದ್ದಕ್ಕಿಂತ ಚಿಕ್ಕವು. ಮೂಗು ತಗಲುವಷ್ಟು ಹತ್ತಿರ ಹೋದ ಹೊರತು ಅವುಗಳ ಒಳಗು ತಿಳಿಯದು.

ಜಟಾಯುವಿನ ವಿಷಯದಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ನಾಸಿಕದ ಬರಹ ಅಪೂರ್ಣವಾಗುತ್ತದೆ. 1990ರ ದಶಕದಿಂದೀಚೆಗೆ ನಮ್ಮ ದೇಶದ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನಾಶವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹಕ್ಕಿಗಳ ಮೂತ್ರಪಿಂಡವನ್ನು ಕೊಲ್ಲುತ್ತಿತ್ತು. 2006ರಲ್ಲಿ ಸರಕಾರವು ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ನಮ್ಮ ಜಿಲ್ಲೆಯ ಹರಸೂಲ ಕಡೆಯ ಖೋರಿಪಾಡಾದಲ್ಲಿ ಅರಣ್ಯ ಇಲಾಖೆಯವರು ಅಳಿದುಳಿದ ಹದ್ದುಗಳಿಗೆಂದು ಸತ್ತ ದನಗಳನ್ನು ತಂದಿಡುವ ಏರ್ಪಾಟು ಮಾಡಿದರು. ಅದನ್ನು ಹದ್ದುಗಳ ಹೊಟೇಲೆಂದೇ ಕರೆಯುತ್ತಾರೆ. ಗಲ್ಲಾ ಇಲ್ಲದ ಹೊಟೇಲು. ಕಸುಬಿನವನಾದ ನನಗೆ ಅದರಲ್ಲಿ ಕೊಂಚ ಹೆಮ್ಮೆಯೇ ಆಯಿತು.

ಇನ್ನು ನನ್ನ ಗೋಡೆಯ ವಿಷಯ. ಮಳೆಗಾಲದಲ್ಲಿ ಒಮ್ಮೆ ನೀರು ಜಿನುಗಿ ಚಿತ್ರದ ಕೆಳಭಾಗ ಉಬ್ಬಿತು. ರಿಪೇರಿಗೆ ಬಂದ ಗೌಂಡಿಯು ನಾನು ಊರಲ್ಲಿಲ್ಲದ ಹೊತ್ತಿನಲ್ಲಿ ಪೂರಾ ಕೆರೆದು ಡಿಸ್ಟೆಂಪರು ಬಳಿದನು. ಮರಳಿ ಬಂದಾಗ ಗೋಡೆ ಹಾಲಿನಂತೆ ಬಿಳಿದಾಗಿತ್ತು. ಗಿರಾಕಿಗಳು ಯಾರೂ ಕೇಳಲಿಲ್ಲ. ನಮ್ಮ ಹಳೆಯ ಮಾಣಿಯೊಬ್ಬ ಮಾತ್ರ, "ಧಣಿಗಳೇ, ಜಿಂಕೆ ಎಲ್ಲಿ ಹೋಯಿತು ಮಾರಾಯ್ರೇ?" ಎಂದನು.

ವೆಂಕಟಪ್ಪನವರ ವ್ಯಾಜ್ಯದ ಸಂಗತಿಯನ್ನು ಓದಿದ ರಾತ್ರಿ ಹಳೆಯ ಖಾತೆ ಪುಸ್ತಕವನ್ನು ತೆಗೆಸಿ ನೋಡಿದೆ. ಆ ತಿಂಗಳ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 'ಚಿತ್ರದವನು, ಅರ್ಧ ಪಾವತಿ' ಎಂದಿದೆ, ಹೆಸರು ಬರೆದಿಲ್ಲ. ವಿಜಾಪುರದ ಕಡೆಯವರು ಸಿಕ್ಕಿದಲ್ಲೆಲ್ಲ ವಿಚಾರಿಸಿದ್ದೇನೆ. ಪುಣೆಗೆ ಹೋದನೆಂದು ಒಬ್ಬರು, ಸೋಲಾಪುರದಲ್ಲಿ ಲಾರಿಗಳಿಗೆ ಬಣ್ಣ ಹಚ್ಚುತ್ತಾನೆಂದು ಇನ್ನೊಬ್ಬರು ಹೇಳಿದರು. ಆತನು ಇದನ್ನು ಓದಿದರೆ, ಅಥವಾ ಓದಿದವರು ಆತನಿಗೆ ತಿಳಿಸಿದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರಲಿ. ಉಳಿದರ್ಧ ಹಣವನ್ನು ಇಷ್ಟು ವರುಷಗಳ ಬಡ್ಡಿ ಸಹಿತ ಬೇರೆ ಕವರಿನಲ್ಲಿ ತೆಗೆದಿಟ್ಟಿದ್ದೇನೆ. ಗೋಡೆಯೂ ಖಾಲಿಯಿದೆ. ಈ ಸಲ ಎಷ್ಟು ದಿನ ಬೇಕಾದರೂ ಹಿಡಿಯಲಿ.